ತಲೆ, ಬಾಲ ಮತ್ತು ಸುಳಿಗಾಳಿ

ಮಾರ್ಚ್ 4, ಮಂಗಳವಾರ

ಈ ಶುಕ್ರವಾರ 'ಸುಳಿಗಾಳಿ' ಬಿಡುಗಡೆ! ಅದೂ ನನ್ನ ಗಂಡನ ಥಿಯೇಟರಿನಲ್ಲಿ, ಅದೂ ನಾನು ಮಲಗುವ ಕೋಣೆಯ ಗೋಡೆಯ ಆಚೆ ಬದಿಗೆ! ಹನ್ನೆರಡು ವರ್ಷದವಳಿದ್ದಾಗ ಯಾರಾದರೂ ಬಂದು, ನೀನು ದೊಡ್ಡವಳಾದ ಮೇಲೆ ಥಿಯೇಟರಿನವರ ಮನೆಗೇ ಸೊಸೆಯಾಗಿ ಹೋಗುತ್ತೀಯ, ಸುಳಿಗಾಳಿ ನಿನ್ನ ಮನೆ ಬಾಗಿಲಿಗೇ ಬರುತ್ತಾನೆ ಎಂದಿದ್ದರೆ ಸಂತೋಷಕ್ಕೆ ಅಲ್ಲೇ ಮೂರ್ಛೆ ಹೋಗುತ್ತಿದ್ದೆ.

ಇವರ ಮನೆ ಇರುವುದು ಥಿಯೇಟರಿನ ಮೇಲೆಯೇ. ಅಡುಗೆಮನೆಯ ಕೆಳಗೆ ಟಿಕೆಟ್ ಕೌಂಟರ್. ಪರದೆಯ ಮೇಲೆ ಹೊಡೆದಾಟ ಶುರುವಾದರೆ ನಮ್ಮ ಪಾತ್ರೆಗಳ ಮುಚ್ಚಳ ಕುಣಿಯುತ್ತದೆ. ಎರಡು ತಿಂಗಳ ಹಿಂದೆ, ಮದುವೆಯಾದ ಹೊಸದರಲ್ಲಿ, ನಾನು ಭೂಕಂಪ ಎಂದು ಕಿರುಚಿಕೊಂಡು ಹೊರಗೆ ಓಡಿದ್ದೆ. ಅತ್ತೆ ಅದನ್ನು ಇವತ್ತಿಗೂ ಬಂದವರಿಗೆಲ್ಲ ಹೇಳಿ ನಗುತ್ತಾರೆ. ನಗಲಿ. ಇಂಥ ಮನೆ ಯಾರಿಗೆ ಸಿಗುತ್ತದೆ!

ಅಣ್ಣ ಮತ್ತು ನಾನು ಸುಳಿಗಾಳಿ ಕಾಮಿಕ್ಸ್ ಓದಿಕೊಂಡೇ ಬೆಳೆದವರು. ಶಾಲೆಯ ಲೈಬ್ರರಿಯಿಂದ ಒಂದೇ ಪ್ರತಿ ಮನೆಗೆ ಬರುತ್ತಿತ್ತು. ಎಡಗಡೆಯ ತುದಿ ಅವನ ಕೈಯಲ್ಲಿ, ಬಲಗಡೆಯದು ನನ್ನ ಕೈಯಲ್ಲಿ. ಅವನು ಓದಿ ಮುಗಿಸುವ ತನಕ ನಾನು ಪುಟ ತಿರುಗಿಸುವಂತಿರಲಿಲ್ಲ. ಯಾವ ಸಂಚಿಕೆ ಚೆನ್ನಾಗಿದೆ, ಯಾವುದು ದಂಡ ಎಂದು ತೀರ್ಪು ಕೊಡುವವನು ಅವನು, 'ಹೌದು ಹೌದು' ಎನ್ನುವವಳು ನಾನು. ಈಗಲೂ ಹಾಗೆಯೇ. ಹಗಲೆಲ್ಲ ಕನ್ನಡಕದ ಅಂಗಡಿಯಲ್ಲಿ ಗಾಜು ಉಜ್ಜುವ ನಮ್ಮಣ್ಣ, ಕೆಲಸ ಮುಗಿದ ಮೇಲೆ 'ಸುಳಿಗಾಳಿ ಬಳಗ'ದ ಮುಖ್ಯಸ್ಥ. ಫೋನಿನೊಳಗಿನ ಆ ಗುಂಪಿನಲ್ಲಿ ಊರೂರಿನ ಅಭಿಮಾನಿಗಳಿದ್ದಾರೆ. ಎಲ್ಲರೂ ಅವನನ್ನು 'ಜಡ್ಜ್' ಎಂದೇ ಕರೆಯುವುದು, ಏಕೆಂದರೆ ಖಚಿತ ಮಾಡಿಕೊಳ್ಳದೆ ಅವನು ಒಂದು ಸಾಲೂ ಬರೆಯುವುದಿಲ್ಲ.

ಸುಳಿಗಾಳಿಯ ಮುಖವನ್ನು ಇಷ್ಟು ವರ್ಷಗಳಲ್ಲಿ ಒಂದು ಸಂಚಿಕೆಯಲ್ಲೂ ತೋರಿಸಿಲ್ಲ. ಅದೇ ಅವನ ಗತ್ತು. ಮುಖವಾಡದ ಹಿಂದೆ ಯಾರು ಬೇಕಾದರೂ ಇರಬಹುದು: ಹಾಲು ಹಾಕುವವನು, ಲೆಕ್ಕದ ಮೇಷ್ಟ್ರು, ಪಕ್ಕದ ಮನೆಯಾತ. ಅಣ್ಣನಿಗೆ ಚಿಕ್ಕಂದಿನಲ್ಲಿ ನಮ್ಮಪ್ಪನ ಮೇಲೇ ಅನುಮಾನವಿತ್ತು. ಅಪ್ಪನ ಗೊರಕೆ ಕೇಳಿದ ಮೇಲೆ ಕೈಬಿಟ್ಟ.

ಶುಕ್ರವಾರ ಮೊದಲ ಆಟ, ಬಾಲ್ಕನಿಯ ನಡುವಿನ ಎರಡು ಸೀಟು, ಅಣ್ಣ ಮತ್ತು ನಾನು. ಸಿನಿಮಾ ಬಂದರೆ ಒಟ್ಟಿಗೇ ನೋಡಬೇಕೆಂದು ಯಾವಾಗಲೋ ಒಬ್ಬರಿಗೊಬ್ಬರು ಕೊಟ್ಟ ಮಾತು. "ಅಣ್ಣ ತಂಗಿ ಮಧ್ಯೆ ನಾನ್ಯಾಕೆ? ನೀವಿಬ್ರೇ ನೋಡಿ" ಎಂದರು ಇವರು. ಎಷ್ಟು ಒಳ್ಳೆಯವರು ನನ್ನ ಇವರು! ನನ್ನ ಪಾಲಿನ ಸೂಪರ್ ಹೀರೋ!

ಮಾರ್ಚ್ 6, ಗುರುವಾರ

ನೋಡಿಬಿಟ್ಟೆ! ನೋಡಿಬಿಟ್ಟೆ! ಇಡೀ ಊರಿನಲ್ಲಿ ಎಲ್ಲರಿಗಿಂತ ಮೊದಲು ನಾನು!

ಬೆಳಿಗ್ಗೆ ಸಿನಿಮಾದ ಪೆಟ್ಟಿಗೆ ಬಂತು. ಇವರ ಮನೆಯಲ್ಲಿ 'ತಲೆ-ಬಾಲ ನೋಡುವುದು' ಎಂಬ ಪದ್ಧತಿ ಇದೆ. ಯಾವ ಹೊಸ ಸಿನಿಮಾ ಬಂದರೂ ಹಿಂದಿನ ದಿನ ಖಾಲಿ ಥಿಯೇಟರಿನಲ್ಲಿ ಆರಂಭದ ಒಂದಿಷ್ಟು, ಕೊನೆಯ ಒಂದಿಷ್ಟು ಹಾಕಿ, ಚಿತ್ರ ಸರಿಯಾಗಿ ಮೂಡುತ್ತಿದೆಯೇ ಎಂದು ಪರೀಕ್ಷೆ ಮಾಡುತ್ತಾರೆ. ಧ್ವನಿಯದು ಬೇರೆ ಪರೀಕ್ಷೆ, ಆದ್ದರಿಂದ ಆಗ ಪರದೆ ಮೂಕ. ಇವರ ಕಣ್ಣು ಪರದೆಯ ನಾಲ್ಕು ಮೂಲೆಗಳ ಮೇಲೆ. ಅತ್ತೆ ಬರುವುದು ಸೀಟುಗಳ ಧೂಳು ನೋಡಲು. ಕಥೆಯನ್ನು ಕಣ್ಣಿಟ್ಟು ನೋಡುವವರು ಈ ಮನೆಯಲ್ಲಿ ಯಾರೂ ಇರಲಿಲ್ಲ, ನಾನು ಬರುವ ತನಕ!

ಮೊದಲ ದೃಶ್ಯ: ಬಿರುಗಾಳಿ, ಕತ್ತಲಾದ ಬೀದಿ, ಕಂಬದ ತುದಿಯಲ್ಲಿ ಬೀದಿ ದೀಪ ರಿಪೇರಿ ಮಾಡುತ್ತಿರುವ ಒಬ್ಬ ಬಡಕಲು ಮನುಷ್ಯ. ಕೊನೆಯ ದೃಶ್ಯ: ನೀರಿನ ಟ್ಯಾಂಕಿನ ಮೇಲೆ ಸುಳಿಗಾಳಿ ನಿಂತಿದ್ದಾನೆ. ಕೈ ಮೇಲೆತ್ತಿ, ನಿಧಾನವಾಗಿ, ಮುಖವಾಡ ತೆಗೆಯುತ್ತಾನೆ. ಅದೇ ದೀಪ ರಿಪೇರಿಯವನು! ನಾನು ಕೂತಲ್ಲೇ ಬಾಯಿ ಮುಚ್ಚಿಕೊಂಡೆ. ಇವರು, "ಎಡಗಡೆ ಮೂಲೆ ಸ್ವಲ್ಪ ಮಂಜು ಅಲ್ವಾ?" ಎಂದರು. ಮೂಲೆಯಂತೆ ಮೂಲೆ!

ಮೇಲೆ ಓಡಿ ಬಂದು ಅಣ್ಣನಿಗೆ ಫೋನ್ ಮಾಡಿದೆ.

"ಅಣ್ಣಾ, ಮುಖ ತೋರಿಸಿಬಿಟ್ರು ಕಣೋ!"

"ಯಾರ ಮುಖ?"

"ಇನ್ಯಾರ್ದು? ಸುಳಿಗಾಳಿದು! ಬೀದಿ ದೀಪ ರಿಪೇರಿ ಮಾಡೋನು ಅವನು. ಮೊದಲ ಸೀನಲ್ಲೇ ಬರ್ತಾನೆ, ಕೊನೇ ಸೀನಲ್ಲಿ ಮುಖವಾಡ ತೆಗೀತಾನೆ."

ಗಾಜು ಉಜ್ಜುವ ಯಂತ್ರ ನಿಂತ ಸದ್ದು ಕೇಳಿಸಿತು.

"ಏ ರೇಡಿಯೋ, ನೀನೇ ನೋಡಿದ್ಯಾ?"

"ನನ್ನ ಎರಡು ಕಣ್ಣಿಂದ."

"ತಮಾಷೆ ಮಾಡ್ತಿಲ್ಲ ತಾನೆ?"

"ನಿನ್ನಾಣೆ."

ಫೋನ್ ಇಟ್ಟುಬಿಟ್ಟ. ಪಾಪ, ಆಘಾತವಾಗಿರಬೇಕು. ನನಗೂ ಬೇಜಾರಾಗಿದೆ, ನಿಜ. ಆದರೆ ಸುಳ್ಳೇಕೆ ಹೇಳಲಿ, ಸುಳಿಗಾಳಿಯ ಸಂಗತಿಯೊಂದು ಅಣ್ಣನಿಗಿಂತ ಮೊದಲು ನನಗೆ ಗೊತ್ತಾದದ್ದು ಇದೇ ಮೊದಲ ಸಲ. ಮೈಯೆಲ್ಲ ಪುಳಕ!

ಮಾರ್ಚ್ 7, ಶುಕ್ರವಾರ

ಎಲ್ಲಿಂದ ಶುರು ಮಾಡಲಿ.

ಅಣ್ಣ ನಿನ್ನೆ ಸಂಜೆಯೇ ಬಳಗದಲ್ಲಿ ಬರೆದಿದ್ದ: "ಖಚಿತ ಸುದ್ದಿ. ಮುಖ ತೋರಿಸುತ್ತಾರೆ. ಅವನು ಬೀದಿ ದೀಪ ರಿಪೇರಿ ಮಾಡುವವನು. ನಾನು ಈ ಸಿನಿಮಾ ನೋಡುವುದಿಲ್ಲ." ಜಡ್ಜ್ ಹೇಳಿದ ಮೇಲೆ ಮುಗಿಯಿತಲ್ಲ. ಬೆಳಿಗ್ಗೆ ಎದ್ದು ನೋಡಿದರೆ ಗುಂಪಿಗೆ ಬೆಂಕಿ ಬಿದ್ದಿತ್ತು. "ನಮ್ಮ ಬಾಲ್ಯಾನೇ ಹಾಳು ಮಾಡಿದ್ರು." "ಮುಖವಾಡ ತೆಗೆದ ಮೇಲೆ ಇನ್ನೇನು ಉಳೀತು, ಬನಿಯನ್ನಾ?" "ದೀಪ ರಿಪೇರಿಯವನಂತೆ! ನಮ್ಮ ಬೀದಿ ದೀಪ ಯಾಕೆ ಇಷ್ಟು ದಿನ ಉರೀಲಿಲ್ಲ ಅಂತ ಈಗ ಗೊತ್ತಾಯ್ತು, ಸಾಹೇಬ್ರು ಊರು ಉಳಿಸೋಕೆ ಹೋಗಿದ್ರು." ಓದಿ ನಗು ಬಂತು. ಆಮೇಲೆ ಕಿಟಕಿಯಿಂದ ಕೆಳಗೆ ನೋಡಿದೆ.

ಥಿಯೇಟರಿನ ಎದುರು ಸುಳಿಗಾಳಿಯ ಬೂದು ಮೇಲಂಗಿ ಹಾಕಿಕೊಂಡ ಹುಡುಗರು, ಹುಡುಗಿಯರು ರಸ್ತೆಯ ಆಚೆ ಬದಿಗೆ ಕೈಕಟ್ಟಿ ನಿಂತಿದ್ದರು. ಒಳಗೆ ಬರಲೊಲ್ಲರು, ಮನೆಗೆ ಹೋಗಲೂ ಒಲ್ಲರು. ಟಾರ್ಚ್ ಹಿಡಿದು ಜನರನ್ನು ಸೀಟಿಗೆ ಕೂರಿಸುವ ನಮ್ಮ ಟಾರ್ಚ್ ಮಾಮ ಬಾಗಿಲಲ್ಲಿ ನಿಂತು, "ಬನ್ರಪ್ಪಾ, ಬಿಸಿಲಲ್ಲಿ ಆ ಕಂಬಳಿ ಹೊದ್ಕೊಂಡು ಯಾಕೆ ಬೇಯ್ತೀರಿ?" ಎಂದು ಕರೆಯುತ್ತಿದ್ದರು. ಥಿಯೇಟರ್ ಅರ್ಧ ಖಾಲಿ. ಇವರು ಸಮಯಕ್ಕೆ ಸರಿಯಾಗಿ ಆಟ ಶುರು ಮಾಡಿದರು.

ಅಣ್ಣ ಬರಲಿಲ್ಲ. ಬಾಲ್ಕನಿಯ ಎರಡು ಸೀಟಿನ ಪಕ್ಕ ನಿಂತು, ಅವನಿಲ್ಲದೆ ಕೂರಲು ಮನಸ್ಸಾಗದೆ ಮೇಲೆ ಬಂದುಬಿಟ್ಟೆ.

ಆಟ ಬಿಟ್ಟಾಗ ಮೆಟ್ಟಿಲ ಮೇಲೆ ಗದ್ದಲ. ಒಬ್ಬಳು ಹುಡುಗಿ ರಸ್ತೆಯ ಆಚೆಯವರಿಗೆ ಕೂಗಿ ಹೇಳುತ್ತಿದ್ದಳು: "ಯಾರ್ರೋ ಹೇಳಿದ್ದು ಮುಖ ತೋರಿಸ್ತಾರೆ ಅಂತ? ಅವನು ಸುಳಿಗಾಳಿ ಅಲ್ಲವೇ ಅಲ್ಲ!"

ಮಧ್ಯದಲ್ಲಿ ಸುಳಿಗಾಳಿಗೆ ಪೆಟ್ಟಾಗುತ್ತದಂತೆ. ಬೆನ್ನಟ್ಟಿ ಬಂದವರ ದಾರಿ ತಪ್ಪಿಸಲು ಆ ದೀಪ ರಿಪೇರಿಯವನು ಅವನ ಬಟ್ಟೆ, ಮುಖವಾಡ ತೊಟ್ಟು ಓಡುತ್ತಾನಂತೆ. ಕೊನೆಯಲ್ಲಿ ಮುಖವಾಡ ತೆಗೆಯುವವನು ಅವನು. ನಿಜವಾದ ಸುಳಿಗಾಳಿಯ ಮುಖ ಯಾರಿಗೂ ಕಾಣುವುದಿಲ್ಲ, ಕಾಮಿಕ್ಸಿನಲ್ಲಿ ಇದ್ದಂತೆಯೇ.

ನಾನು ಅಡುಗೆಮನೆಯ ಸ್ಟೂಲಿನ ಮೇಲೆ ಕೂತುಬಿಟ್ಟೆ. ಅತ್ತೆ ಮೇಲೆ ಬಂದು ನೀರು ಕುಡಿದು, ಲೋಟ ತೊಳೆದಿಟ್ಟು, ನನ್ನ ಕಡೆ ನೋಡದೆಯೇ ಹೇಳಿದರು:

"ಇದು ಪೂರ್ತಿ ನೋಡಿದವರ ಸುಳ್ಳಲ್ಲ, ಏನೂ ನೋಡದವರ ಊಹೆಯೂ ಅಲ್ಲ. ತಲೆ-ಬಾಲ ನೋಡಿದವರ ಮಾತು ಇದು."

ಮಾರ್ಚ್ 8, ಶನಿವಾರ

ಇವರ ಎದುರು ಅತ್ತೆ ಇಷ್ಟೇ ಹೇಳಿದರು: "ಪರೀಕ್ಷೆಯಲ್ಲಿ ನೋಡಿದ್ದು ಮೆಟ್ಟಿಲು ಇಳೀಬಾರದು. ಈ ಮನೇಲಿ ಹುಟ್ಟಿದವರಿಗೆ ಅದನ್ನ ಹೇಳಬೇಕಾಗಿಲ್ಲ. ನಿನಗೆ ಹೇಳಬೇಕಿತ್ತು, ನಾನು ಹೇಳಲಿಲ್ಲ." ಬೈದಿದ್ದರೆ ಚೆನ್ನಾಗಿತ್ತು. ಇವರು, "ಹೋಗ್ಲಿ ಬಿಡಮ್ಮ" ಎಂದು ಹೇಳಿ ತಟ್ಟೆಯಲ್ಲಿದ್ದದ್ದನ್ನು ಮುಗಿಸಿ ಕೆಳಗೆ ಹೋದರು. ಆದರೆ ದಿನವೂ ಮೆಟ್ಟಿಲಿಳಿಯುವಾಗ ಶಿಳ್ಳೆ ಹಾಕುವವರು ಇವತ್ತು ಹಾಕಲಿಲ್ಲ.

ಬಳಗದಲ್ಲಿ ಈಗ ಬೆಂಕಿ ಅಣ್ಣನ ಕಡೆ ತಿರುಗಿದೆ. "ಖಚಿತ ಅಂದ್ರಿ. ಮೊದಲ ದಿನದ ಟಿಕೆಟ್ ವಾಪಸ್ ಮಾಡಿದೆ ಸ್ವಾಮಿ, ನಿಮ್ಮನ್ನ ನಂಬಿ." "ಸುಳ್ಳು ಜಡ್ಜ್." "ಯಾರು ಹೇಳಿದ್ರು, ಹೆಸರು ಹೇಳಿ." ಒಬ್ಬ ಕೇಳಿದ್ದ: "ನಿಮ್ಮ ತಂಗಿ ಗಂಡನ ಮನೆಯವರದ್ದು ಥಿಯೇಟರ್ ಅಲ್ವಾ?"

ಅದರ ಕೆಳಗೆ ಅಣ್ಣನ ಉತ್ತರ:

"ಯಾರೂ ಹೇಳಲಿಲ್ಲ. ಪೋಸ್ಟರ್ ನೋಡಿ ನಾನೇ ಊಹೆ ಮಾಡಿ ಬರೆದೆ. ತಪ್ಪು ನನ್ನದು. ಮುಖ್ಯಸ್ಥನ ಜಾಗ ಬಿಡುತ್ತಿದ್ದೇನೆ."

ಊಹೆ! ನಮ್ಮಣ್ಣ! ಒಂದು ಸಂಚಿಕೆಯ ನಂಬರ್ ಬರೆಯಬೇಕಾದರೂ ಕಪಾಟಿನಿಂದ ಆ ಸಂಚಿಕೆ ತೆಗೆದು ನೋಡುವವನು.

ಫೋನ್ ಮಾಡಿದೆ. "ನಾನೇ ಗುಂಪಲ್ಲಿ ಬರೀತೀನಿ, ಹೇಳಿದ್ದು ನಾನು ಅಂತ."

"ಬರೆದ್ರೆ ಏನಾಗುತ್ತೆ ಗೊತ್ತಾ? ಮುಂಚೆನೇ ನೋಡಿ ಊರಿಗೆಲ್ಲ ಸಾರೋ ಥಿಯೇಟರ್ ಅಂತ ಹೆಸರಾಗುತ್ತೆ. ಆಮೇಲೆ ಯಾವ ಸಿನಿಮಾದವರು ಬಿಡುಗಡೆ ದಿನ ಪೆಟ್ಟಿಗೆ ಕಳಿಸ್ತಾರೆ? ನಿನ್ನ ಮನೆ ಅದು. ಸುಮ್ಮನಿರು."

"ಮತ್ತೆ ನೀನು?"

"ನನಗೆ ಅಂಗಡೀಲಿ ಕೆಲಸ ಇದೆ."

ಮಾರ್ಚ್ 9, ಭಾನುವಾರ

ಎಲ್ಲ ಆಟಗಳೂ ಭರ್ತಿ. ರಸ್ತೆಯ ಆಚೆ ನಿಂತಿದ್ದವರೆಲ್ಲ ಒಳಗೆ ಬಂದಿದ್ದಾರೆ. ಮುಚ್ಚಳಗಳು ಕುಣಿಯುತ್ತಲೇ ಇವೆ.

ಬೇರೇನೂ ಬರೆಯಲು ತೋಚುತ್ತಿಲ್ಲ.

ಮಾರ್ಚ್ 11, ಮಂಗಳವಾರ

ಆಟ ಬಿಡುವ ಹೊತ್ತಿಗೆ ಅತ್ತೆ ಹೊರಬಾಗಿಲ ಪಕ್ಕ ಕುರ್ಚಿ ಹಾಕಿಕೊಂಡು, ಯಾರಿಗೋ ಕಾಯುತ್ತಿರುವವರಂತೆ ಕೂರುತ್ತಾರೆ. ಯಾರಿಗೂ ಕಾಯುತ್ತಿರುವುದಿಲ್ಲ. ಇಳಿದು ಹೋಗುವವರ ಮಾತು ಕೇಳುವುದು ಅವರ ಕೆಲಸ. ಅವರು ಕೇಳಿದ್ದರ ಮೇಲೆಯೇ ಸಿನಿಮಾ ಎಷ್ಟು ದಿನ ಇರಬೇಕು ಎಂಬುದನ್ನು ಇವರು ತೀರ್ಮಾನಿಸುವುದು. ಇವತ್ತು ನನ್ನನ್ನೂ ಪಕ್ಕಕ್ಕೆ ಕರೆದು ಕೂರಿಸಿಕೊಂಡರು.

"ಒಂದು ಮಾತು. ನೀನು ಬಾಯಿ ಬಿಡಬಾರದು. ಚೆನ್ನಾಗಿತ್ತಾ ಅಂತ ಕೇಳಬಾರದು. ಕೇಳಿದ್ರೆ ಜನ ಚೆನ್ನಾಗಿತ್ತು ಅಂತಾರೆ, ಅಷ್ಟೆ. ಬಾಗಿಲು ದಾಟೋವಾಗ ಆಡೋ ಮೊದಲನೇ ಮಾತು ಅವರದ್ದು. ಎರಡನೇದು ಪಕ್ಕದಲ್ಲಿರೋರಿಗೋಸ್ಕರ."

ಕಷ್ಟವಾಯಿತು. ಮೂರು ಸಲ ಬಾಯಿ ತೆರೆದೆ, ಮೂರು ಸಲವೂ ಅತ್ತೆ ಮೊಣಕೈಯಿಂದ ತಿವಿದರು.

ಮೇಲಂಗಿಯ ಹುಡುಗ: "ಬಟ್ಟೆ ಬಣ್ಣ ತಪ್ಪು. ಅದು ಬೂದಿ ಬಣ್ಣ, ಇವರು ಸಿಮೆಂಟ್ ಬಣ್ಣ ಹಾಕಿದ್ದಾರೆ." ಅವನ ಗೆಳೆಯ: "ಅಳ್ತಾ ಇದ್ದೆಯಲ್ಲೋ ಆಗ?" "ಬಣ್ಣ ನೋಡೇ ಅತ್ತಿದ್ದು."

ಯಾರದೋ ತಾಯಿ: "ಆ ಕಂಬ ಹತ್ತೋನ ಹೆಂಡತಿ ಪಾಡೇನು, ಅದನ್ನ ಯಾರೂ ತೋರಿಸಲ್ಲ."

ಕೋಟು ಹಾಕಿದ ನಡುವಯಸ್ಕರೊಬ್ಬರು ಬಾಗಿಲಲ್ಲಿ ಸುಮ್ಮನೆ ನಿಂತರು. ಆಮೇಲೆ ಒಬ್ಬರೇ, ತಮ್ಮಷ್ಟಕ್ಕೆ, "ನೋಡಬಹುದಿತ್ತು" ಎಂದು ಹೇಳಿ ಇಳಿದು ಹೋದರು.

ಏನನ್ನು ನೋಡಬಹುದಿತ್ತು? ಕೇಳಲು ಎದ್ದೆ. ಮೊಣಕೈ.

ಮಾರ್ಚ್ 13, ಗುರುವಾರ

ನಾನು ಇನ್ನೂ ಸಿನಿಮಾ ನೋಡಿಲ್ಲ. ಅದು ಗೋಡೆಯ ಆಚೆ ದಿನವೂ ನಡೆಯುತ್ತಿದೆ, ನಾನು ಈಚೆ ಬಟ್ಟೆ ಮಡಿಸುತ್ತಿರುತ್ತೇನೆ. ಮಾತು ತಿಳಿಯುವುದಿಲ್ಲ, ಸದ್ದಿನ ಏರಿಳಿತ ಮಾತ್ರ. ಆದರೂ ಈಗ ಎಲ್ಲ ಬಾಯಿಪಾಠವಾಗಿದೆ. ಇಲ್ಲಿ ಶಿಳ್ಳೆ, ಇಲ್ಲಿ ನಗು, ಇಲ್ಲಿ ಓಟ, ಇಲ್ಲಿ ಏನೋ ಒಡೆಯುತ್ತದೆ. ಇಂಟರ್ವಲ್ ಆದ ಸ್ವಲ್ಪ ಹೊತ್ತಿಗೆ ಒಂದು ಜಾಗ ಬರುತ್ತದೆ. ಅಲ್ಲಿ ಸಂಗೀತವೂ ನಿಲ್ಲುತ್ತದೆ, ಜನರೂ ಸುಮ್ಮನಾಗುತ್ತಾರೆ. ಯಾವ ಆಟವಾದರೂ ಅಷ್ಟೆ, ಹೊಡೆದಾಟ ನೋಡಲು ಬಂದ ಪುಂಡರಿದ್ದರೂ ಅಷ್ಟೆ. ಪಾತ್ರೆಗಳೂ ಅಲ್ಲಾಡುವುದಿಲ್ಲ. ಆಮೇಲೆ ಯಾರೋ ಏನೋ ಹೇಳುತ್ತಾರೆ, ಇಡೀ ಥಿಯೇಟರ್ ಒಂದೇ ಉಸಿರಿಗೆ ನಗುತ್ತದೆ.

ಇವತ್ತು ಇವರು ಊಟಕ್ಕೆ ಬಂದಾಗ ಕೇಳಿದೆ, "ರೀ, ಅಲ್ಲಿ ಏನಾಗುತ್ತೆ?"

"ಹೋಗಿ ನೋಡಿದ್ರೆ ಗೊತ್ತಾಗುತ್ತೆ. ಹತ್ತು ಹೆಜ್ಜೆ ಇಲ್ಲ."

"ಅಣ್ಣ ಬರ್ಲಿ."

"ಬರದೇ ಇದ್ರೆ?"

ಇವರು ಒತ್ತಾಯ ಮಾಡಲಿಲ್ಲ. ಊಟವಾದ ಮೇಲೆ ತಮ್ಮ ತಟ್ಟೆಯ ಜೊತೆ ನನ್ನದನ್ನೂ ತೊಳೆದರು. ಇವರ ಬಲಗೈ ಹೆಬ್ಬೆರಳಿನ ಬಳಿ ಹಳೆಯ ಸುಟ್ಟ ಕಲೆಯಿದೆ. ಚಿಕ್ಕವರಿದ್ದಾಗ ಪ್ರೊಜೆಕ್ಟರಿನ ದೀಪ ಮುಟ್ಟಿದ್ದಂತೆ. ಎರಡು ತಿಂಗಳಿಂದ ಈ ಕೈ ಹಿಡಿದು ಓಡಾಡುತ್ತಿದ್ದೇನೆ, ಇವತ್ತು ಕೇಳಿದೆ.

ಅಣ್ಣ ಫೋನ್ ಎತ್ತುತ್ತಾನೆ, 'ಹೂಂ' 'ಉಹೂಂ' ಎನ್ನುತ್ತಾನೆ, ಇಡುತ್ತಾನೆ. ನನ್ನನ್ನು ರೇಡಿಯೋ ಎಂದು ಕರೆಯುವುದನ್ನು ಬಿಟ್ಟಿದ್ದಾನೆ. ಬರುವ ಗುರುವಾರ ಈ ಸಿನಿಮಾಕ್ಕೆ ನಮ್ಮಲ್ಲಿ ಕೊನೆಯ ದಿನ.

ಮಾರ್ಚ್ 15, ಶನಿವಾರ

ಅಣ್ಣನ ಅಂಗಡಿಗೆ ಹೋಗಿದ್ದೆ. ದಾರಿಯುದ್ದಕ್ಕೂ ಏನೇನು ಹೇಳಬೇಕೆಂದು ಜೋಡಿಸಿಕೊಂಡಿದ್ದೆ. ಹೋದಾಗ ಅವನು ಒಬ್ಬ ಅಜ್ಜಿಯ ಮೂಗಿನ ಮೇಲೆ ಕನ್ನಡಕ ಕೂರಿಸುತ್ತಿದ್ದ. ಅಜ್ಜಿಗೆ ಒಂದು ಕಡೆ ಬಿಗಿ, ಇನ್ನೊಂದು ಕಡೆ ಸಡಿಲ. ಅವನು ತೆಗೆದು, ಬಿಸಿ ಮಾಡಿ, ಬಾಗಿಸಿ, ಮತ್ತೆ ಕೂರಿಸಿ, ಮತ್ತೆ ತೆಗೆದು. ನಾನು ಮೂಲೆಯ ಬೆಂಚಿನಲ್ಲಿ ಕೂತೆ. ಅಜ್ಜಿ ಹೋದ ಮೇಲೆ ಅವನು ಯಂತ್ರ ಹಾಕಿ ಗಾಜು ಉಜ್ಜತೊಡಗಿದ. ಜೋಡಿಸಿಕೊಂಡು ಬಂದದ್ದರಲ್ಲಿ ಒಂದೂ ಹೇಳಬೇಕೆನಿಸಲಿಲ್ಲ.

ಸುಮಾರು ಹೊತ್ತಿನ ಮೇಲೆ ಅವನೇ ಶುರು ಮಾಡಿದ.

"ನಿನ್ನ ಮೇಲೆ ಕೋಪ ಇಲ್ಲ ಕಣೇ. ಪೂರ್ತಿ ನೋಡಿದ್ಯಾ ಅಂತ ನಾನು ಒಂದು ಮಾತು ಕೇಳಬೇಕಿತ್ತು. ಬೇರೆ ಯಾರೇ ಹೇಳಿದ್ರೂ ಕೇಳ್ತಿದ್ದೆ. ನೀನು ಅಂತ ಕೇಳಲಿಲ್ಲ."

ಅದು ಕೋಪಕ್ಕಿಂತ ಹೆಚ್ಚು ನೋಯಿಸಿತು.

"ಬಂದು ನೋಡು, ಅಣ್ಣ."

"ಯಾವ ಮುಖ ಹೊತ್ಕೊಂಡು ಬರ್ಲಿ? ಒಂದೊಂದು ಸೀನಿಗೂ ನನ್ನ ದಡ್ಡತನ ನೆನಪಾಗುತ್ತೆ. ಅಲ್ಲದೆ ಅಲ್ಲಿ ಬಳಗದವರು ಸಿಗ್ತಾರೆ. ಬೇಡ. ನೀನು ನೋಡಿದೀಯಲ್ಲ, ಸಾಕು."

"ನಾನು ನೋಡಿಲ್ಲ."

ಯಂತ್ರ ನಿಲ್ಲಿಸಿದ.

"ಏನು?"

"ತಲೆ, ಬಾಲ ಅಷ್ಟೆ. ನಡುವಿನದು ನೋಡಿಲ್ಲ. ಗೋಡೆಯಿಂದ ಕೇಳಿಸುತ್ತೆ."

"ಮನೆ ಒಳಗೇ ಸಿನಿಮಾ ಇಟ್ಕೊಂಡು, ಇಷ್ಟು ದಿನ, ನೀನು, ನೋಡದೆ?"

"ಹೂಂ."

ಅವನು ಕನ್ನಡಕ ತೆಗೆದು ಅಂಗಿಯ ತುದಿಯಿಂದ ಒರೆಸಿದ. ಗಾಜು ಹಾಳಾಗುತ್ತದೆಂದು ಗಿರಾಕಿಗಳಿಗೆ ದಿನವೂ ಬೈಯುವವನು. "ಬುಧವಾರ ಮಧ್ಯಾಹ್ನ ಅಂಗಡಿ ಅರ್ಧ ದಿನ" ಎಂದ. ಬರುತ್ತೇನೆ ಎನ್ನಲಿಲ್ಲ. ನಾನೂ ಬಾ ಎನ್ನಲಿಲ್ಲ.

ಮಾರ್ಚ್ 17, ಸೋಮವಾರ

ಬಾಗಿಲ ಪಕ್ಕ ಇವತ್ತು ಒಬ್ಬಳೇ ಕೂತೆ. ಅತ್ತೆಗೆ ನೆಗಡಿ. ಮೇಲೆ ಬಂದು ಕೇಳಿದ್ದನ್ನೆಲ್ಲ ಒಪ್ಪಿಸಿದೆ. "ನಿನಗೇನನ್ನಿಸ್ತು ಅಂತ ಹೇಳಲೇ ಇಲ್ವಲ್ಲ?" ಎಂದರು ಅತ್ತೆ. "ನಾನು ನೋಡಿಲ್ವಲ್ಲ ಅತ್ತೆ" ಎಂದೆ. ಅವರು ಮೂಗು ಒರೆಸಿಕೊಂಡು ನನ್ನನ್ನೇ ನೋಡಿದರು. ಜ್ವರವೂ ಇದೆಯೇನೋ. ಬಿಸಿನೀರು ಕಾಯಿಸಿ ಕೊಟ್ಟೆ.

ಮಾರ್ಚ್ 19, ಬುಧವಾರ

ಬಂದ!

ಟಿಕೆಟ್ ಕೊಂಡೇ ಬಂದ. ಇವರು, "ಏನ್ ಭಾವ, ನಮ್ಮಲ್ಲೂ ಟಿಕೆಟ್ಟಾ?" ಎಂದರೆ, "ನಾಳೆ ಬೈಯೋ ಹಕ್ಕು ಬೇಕಲ್ಲ" ಎಂದ. ಬಾಲ್ಕನಿಯಲ್ಲಿ ನಾವಿಬ್ಬರು, ಮುಂದೆ ಅಲ್ಲೊಬ್ಬರು ಇಲ್ಲೊಬ್ಬರು. ಪರದೆ ಬೆಳಗುವ ಮೊದಲು ಅವನು, "ಮಾತಾಡಬಾರದು" ಎಂದ. ನಾನು ಆಗಲೇ ಸುಮ್ಮನೆ ಕೂತಿದ್ದೆ.

ಗೋಡೆಯ ಆಚೆ ಕೇಳಿಸುತ್ತಿದ್ದ ಓಟಕ್ಕೆ, ಒಡೆತಕ್ಕೆ ಒಂದೊಂದಾಗಿ ಮುಖ ಸಿಕ್ಕಿತು. ಇಂಟರ್ವಲ್ಲಿನಲ್ಲಿ ಅಣ್ಣ ಏಳಲೇ ಇಲ್ಲ. ಆಮೇಲೆ ಆ ಸುಮ್ಮನಾಗುವ ಜಾಗ ಬಂತು.

ಸೇತುವೆಯ ಕೆಳಗೆ ಪೆಟ್ಟಾದ ಸುಳಿಗಾಳಿ ಕೂತಿದ್ದಾನೆ, ನಮಗೆ ಅವನ ನೆರಳು ಮಾತ್ರ ಕಾಣುತ್ತದೆ. ಎದುರಿಗೆ ದೀಪ ರಿಪೇರಿಯವನು, ಕೈಯಲ್ಲಿ ಕೆಲಸದ ಬ್ಯಾಟರಿ ಲಾಟೀನು. ಸುಳಿಗಾಳಿ ಮುಖವಾಡ ತೆಗೆದು ಚಾಚುತ್ತಾನೆ. ರಿಪೇರಿಯವನು ಅದನ್ನು ತೆಗೆದುಕೊಳ್ಳುತ್ತಾನೆ. ಎಷ್ಟು ಹೊತ್ತಾದರೂ ತಲೆ ಎತ್ತುವುದಿಲ್ಲ. ಕೊನೆಗೆ ಕೇಳುತ್ತಾನೆ: "ನನ್ನ ತಲೆ ದಪ್ಪ. ಹಿಡಿಸುತ್ತಾ ಇದು?" ಆಗಲೇ ಎಲ್ಲರೂ ನಗುವುದು.

ನಾನು ನಗಲಿಲ್ಲ. ಅಣ್ಣನ ಕಡೆ ತಿರುಗಲೂ ಇಲ್ಲ.

ಮುಗಿದ ಮೇಲೆ ಮೆಟ್ಟಿಲ ಮೇಲೆ ಅವನ ತೀರ್ಪು ಶುರುವಾಯಿತು. "ಹೊಡೆದಾಟ ಚೆನ್ನಾಗಿದೆ. ಬಣ್ಣ ತಪ್ಪು. ಆ ಸೇತುವೆ ಸೀನ್ ಮಾತ್ರ ಮೋಸ. ಮುಖ ತೋರಿಸಬಾರದು ಅಂತ ಬೇಕಂತಲೇ ಕತ್ತಲು ಮಾಡಿದ್ದಾರೆ. ಬ್ಯಾಟರಿ ಮುಗೀತಾ ಬಂತು ಅಂತ ಮೊದಲೇ ಒಂದು ಸಲ ಹೇಳಿಸಿಬಿಡ್ತಾರಲ್ಲ. ಕಾಣಲಿಲ್ಲ, ಹಾಗಾಗಿ ನೋಡಲಿಲ್ಲ. ಅದರಲ್ಲೇನಿದೆ ದೊಡ್ಡದು?"

"ಇಲ್ಲ" ಎಂದೆ.

"ಏನಿಲ್ಲ?"

"ಲಾಟೀನು ಉರೀತಿತ್ತು. ಅವನು ಅದನ್ನ ನೆಲಕ್ಕೆ ಹಿಡಿದಿದ್ದ. ಎತ್ತಿದ್ರೆ ಕಾಣ್ತಿತ್ತು. ಅವನು ಎತ್ತಲಿಲ್ಲ."

"ಉರೀತಿರಲಿಲ್ಲ."

"ಉರೀತಿತ್ತು. ಅವನ ಚಪ್ಪಲಿ ಕಾಣ್ತಿತ್ತು, ಒಂದು ಕಡೆ ದಾರದಲ್ಲಿ ಕಟ್ಟಿದ್ದು."

"ಅದು ಸೇತುವೆ ಮೇಲಿನ ಬೆಳಕು."

"ಊರಿಗೆಲ್ಲ ಕ‌ರೆಂಟ್ ಇಲ್ಲ ಅಲ್ಲಿ. ಸೇತುವೆಗೆ ಎಲ್ಲಿಂದ ಬಂತು?"

"ನೀನು ನನಗೆ ಸುಳಿಗಾಳಿ ಹೇಳಿಕೊಡ್ತೀಯಾ?"

"ಇದೊಂದು ಹೇಳಿಕೊಡ್ತೀನಿ."

ಮೆಟ್ಟಿಲಿಳಿಯುತ್ತಿದ್ದವರು ನಿಂತು ನೋಡುತ್ತಿದ್ದರು. ನನ್ನ ದನಿ ಅಷ್ಟು ಜೋರಾಗಿದ್ದದ್ದು ನನಗೇ ಗೊತ್ತಾಗಲಿಲ್ಲ. ಮುಂದಿನ ಆಟದ ಜನ ಸೇರುತ್ತಿದ್ದರು. ಇವರು ಬಂದು, "ಇಬ್ರೂ ಸ್ವಲ್ಪ ಪಕ್ಕಕ್ಕೆ ಹೋಗಿ ಜಗಳ ಆಡಿ, ಬಾಗಿಲಿಗೆ ಅಡ್ಡ ಆಗ್ತಿದೆ" ಎಂದರು. ಅಣ್ಣ ಮುಖ ಗಂಟಿಕ್ಕಿಕೊಂಡು, ಹೇಳದೆ ಕೇಳದೆ ಹೊರಟುಹೋದ.

ಅತ್ತೆ ಕುರ್ಚಿಯಲ್ಲಿ ಕೂತಿದ್ದರು. ಅವರೂ ಏನೂ ಕೇಳಲಿಲ್ಲ.

ಮಾರ್ಚ್ 20, ಗುರುವಾರ

ನಮ್ಮ ಥಿಯೇಟರಿನಲ್ಲಿ ಸುಳಿಗಾಳಿಗೆ ಇವತ್ತು ಕೊನೆಯ ದಿನ. ಮಧ್ಯಾಹ್ನದ ಆಟ ಬಿಡುವಾಗ ನಾನು ಬಾಗಿಲ ಪಕ್ಕ ಕೂತಿದ್ದೆ. ಎಲ್ಲರೂ ಇಳಿದು ಹೋದ ಮೇಲೆ, ಕೊನೆಯವನಾಗಿ, ಅಣ್ಣ ಹೊರಗೆ ಬಂದ. ಅಂಗಡಿಗೆ ರಜೆ ಹಾಕಿ, ನನಗೆ ಹೇಳದೆ, ಪರದೆಗೆ ತೀರ ಹತ್ತಿರದ ಸಾಲಿನಲ್ಲಿ ಒಬ್ಬನೇ ಕೂತು ನೋಡಿದ್ದನಂತೆ. ಟಾರ್ಚ್ ಮಾಮ ಆಮೇಲೆ ಹೇಳಿದರು.

ಬಾಗಿಲಲ್ಲಿ ನಿಂತ. ನನ್ನನ್ನು ನೋಡಲಿಲ್ಲ.

"ಉರೀತಿತ್ತು" ಎಂದ.

ನಾನು ಬಾಯಿ ಬಿಡಲಿಲ್ಲ. ಅವನು ಮೆಟ್ಟಿಲ ಮೇಲೆ ಕೂತ. ನಾನು ಕುರ್ಚಿ ಬಿಟ್ಟು ಪಕ್ಕಕ್ಕೆ ಹೋಗಿ ಕೂತೆ. ಜೇಬಿನಿಂದ ಫೋನ್ ತೆಗೆದು ಏನೋ ಬರೆದ, ಅಳಿಸಿದ, ಮತ್ತೆ ಬರೆದ. ಆಮೇಲೆ ಫೋನನ್ನು ನನ್ನ ಮಡಿಲಿಗೆ ಹಾಕಿದ.

ಬಳಗದಲ್ಲಿ ಇಷ್ಟು ದಿನಗಳ ಮೇಲೆ ಅವನ ಮಾತು:

"ಎರಡು ಸಲ ಪೂರ್ತಿ ನೋಡಿ ಬರೆಯುತ್ತಿದ್ದೇನೆ. ಸೇತುವೆಯ ಕೆಳಗೆ ಲಾಟೀನು ಉರಿಯುತ್ತಿದೆ. ಅವನು ನೋಡಬಹುದಿತ್ತು, ನೋಡಲಿಲ್ಲ. ನನಗೆ ಮೊದಲ ಸಲ ಇದು ಕಾಣಲಿಲ್ಲ. ಕಂಡದ್ದು ನನ್ನ ತಂಗಿಗೆ."

ನಾನು ಅದನ್ನು ಓದುತ್ತಿರುವಾಗಲೇ ಕೆಳಗೆ ಯಾರೋ ಬರೆದರು: "ಬ್ಯಾಟರಿ ಮುಗಿದಿತ್ತಲ್ಲ ಜಡ್ಜ್?" ಅದರ ಹಿಂದೆ ಇನ್ನೊಬ್ಬರು: "ನಿಮ್ಮ ತಂಗಿಯನ್ನೇ ಕರೀರಿ, ಅವರ ಹತ್ತಿರವೇ ಕೇಳ್ತೀವಿ." ಅದರ ಹಿಂದೆ ಮತ್ತೊಬ್ಬರು: "ಅದು ಸೇತುವೆ ಮೇಲಿನ ಬೆಳಕು ರೀ."

ಅಣ್ಣ ಅಂಗಿಯ ತೋಳು ಮಡಿಸಿಕೊಂಡ. "ಊರಿಗೆಲ್ಲ ಕರೆಂಟ್ ಇಲ್ಲ ಅಂತ ಹೇಳು ಅವನಿಗೆ."

"ನೀನೇ ಹೇಳು."

"ನಿನ್ನ ಮಾತು ಅದು. ನೀನೇ ಬರಿ."

ಬರೆದೆ. ಇಬ್ಬರಿಗೂ ಟೀ ತರಲು ಮೇಲೆ ಹೋಗಿ ಬರುವಷ್ಟರಲ್ಲಿ ಅದರ ಕೆಳಗೆ ಹದಿನೆಂಟು ಜನ ಜಗಳಕ್ಕೆ ನಿಂತಿದ್ದರು.